ದೇವರ ಅಳತೆಯಲ್ಲಿ ಮಾಡಿದ ಮನುಷ್ಯ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇಂಡಿ ಊರಿನ ನಮ್ಮ ನಿಂಬೆ ತೋಟ ಬಿಟ್ಟು ಬಸವನ ಬಾಗೇವಾಡಿಯ ಒಬ್ಬ ಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿದೆ. ಎರಡು ವರ್ಷ ಬರೀ ದೇವರನ್ನೇ ಮಾಡಿದೆ. ಕೈ ಕುದುರಿತೆಂಬ ಜಂಬವೂ ಬಂತು. ಆಗ ಮುದ್ದೇಬಿಹಾಳದ ಕಡೆಯ ಒಬ್ಬ ಹೆಣ್ಣುಮಗಳು ಬಂದು, ತೀರಿಹೋದ ಗಂಡನ ಮೂರ್ತಿ ಮಾಡಿಕೊಡಬೇಕೆಂದರು. ತಂದ ಫೋಟೋದಲ್ಲಿ ಇದ್ದದ್ದು ಮುಖ ಮಾತ್ರ.

ಗುರುಗಳು ಕೆಲಸ ನನಗೆ ಕೊಟ್ಟರು. "ಮೊದಲ ಮಣ್ಣಾಗ ಮಾಡು. ಆ ಯವ್ವ ಹೌದಂದ್ರ ಇಲ್ಲಿರು. ಇಲ್ಲಂದ್ರ ಇಂಡಿ ಬಸ್ ಹತ್ತಿ ನಿಂಬಿಕಾಯಿ ಹರಿ ಹೋಗು," ಎಂದರು. ತೋಟಕ್ಕೆ ಮರಳುವುದು ನನಗೆ ಸುತರಾಂ ಬೇಕಿರಲಿಲ್ಲ.

ಹದಿನೈದು ದಿನಕ್ಕೆ ಮೂರ್ತಿ ಎದ್ದು ನಿಂತಿತು. ಆಕೆ ಬಂದು ಒಂದು ಸುತ್ತು ಹಾಕಿ ನೋಡಿದರು. "ಮಾರಿ ಅವರದ ಐತಿ ತಮ್ಮಾ. ಮೈ ದೇವರದು."

ದಾರ ಹಿಡಿದು ಅಳೆದೆ. ರೂಢಿಬಲದಿಂದ ಮುಖದ ಒಂಬತ್ತು ಪಟ್ಟು ಎತ್ತರ ಕೊಟ್ಟಿದ್ದೆ. ಅದು ದೇವರ ಅಳತೆ. ಮನುಷ್ಯನಿಗೆ ಎಂಟು ಸಾಕು. ದಿನಾ ಪಕ್ಕದಲ್ಲೇ ಕೂತು ಎಲೆ ಅಡಿಕೆ ಜಗಿಯುತ್ತಿದ್ದ ಗುರುಗಳು ಒಂದು ಮಾತೂ ಆಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಇನ್ನೊಮ್ಮೆ ಮಾಡು. ಇದ ಕಡೀ ಸಲ," ಎಂದರು ಅವರು.

ಸಿಟ್ಟು ನುಂಗಿಕೊಂಡು ಆಕೆಯನ್ನೇ ಕೇಳಿದೆ: "ಅವರು ಹ್ಯಾಂಗ ನಿಲ್ತಿದ್ರು ಯವ್ವಾ?"

ಆಕೆ ನಾಚಿದರು. ಆಮೇಲೆ ಅಂಗಳದ ನಡುವೆ ಹೋಗಿ ನಿಂತರು. "ಗಾಡಿ ಮ್ಯಾಲಿಂದ ಬಿದ್ದು ಎಡಗಾಲು ಮುರದಿತ್ತು, ಎಲುಬು ನೆಟ್ಟಗ ಕೂಡಲಿಲ್ಲ. ಭಾರ ಎಲ್ಲಾ ಬಲಗಾಲಿಗೆ ಹಾಕಿ ಹಿಂಗ ನಿಲ್ತಿದ್ರು."

ಹಾಗೆ ನಿಂತ ಕೂಡಲೇ ಆಕೆಯ ಬಲಸೊಂಟ ಮೇಲೇರಿತು, ಬಲಭುಜ ಕೆಳಗಿಳಿಯಿತು. ನಾನು ಇದ್ದಿಲಿನಿಂದ ಗೋಡೆಯ ಮೇಲೆ ಸೊಂಟಕ್ಕೊಂದು, ಭುಜಕ್ಕೊಂದು ಗೆರೆ ಎಳೆದೆ. ನನ್ನ ದೇವರುಗಳಲ್ಲಿ ಅವೆರಡೂ ಸಮ ಇರುತ್ತಿದ್ದವು. ಇಲ್ಲಿ ಒಂದು ಅತ್ತ ಓರೆ, ಇನ್ನೊಂದು ಇತ್ತ. ಮುರಿದ ಕಾಲಿನ ಸುದ್ದಿ ಹೆಗಲವರೆಗೂ ಮುಟ್ಟುತ್ತದೆ ಎಂಬುದು ನನಗೆ ತಿಳಿದದ್ದು ಅಂದೇ.

ಮಣ್ಣು ಕೆಡವಿ ಎಂಟರ ಅಳತೆಯಲ್ಲಿ ಮತ್ತೆ ಕಟ್ಟಿದೆ. ಒಂಟಿಗಾಲಿಗೆ ಭಾರ ಕೊಟ್ಟು, ನನ್ನದೇ ಸೊಂಟದ ಎಲುಬು ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ.

ಅಮಾವಾಸ್ಯೆ ಕಳೆದ ಮೇಲೆ ಆಕೆ ಮತ್ತೆ ಬಂದರು. ಮೂರ್ತಿಗೆ ಹೊದಿಸಿದ್ದ ಒದ್ದೆ ಬಟ್ಟೆ ತೆಗೆದೆ. ಆಕೆ ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಹೊರಗಿನಿಂದ ಗಂಡ ಬಂದಾಗ ನಮ್ಮ ಕಡೆಯ ಹೆಂಗಸರು ಸರಿಯುವಂತೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.