ಹರಕೆಯ ಹರಳು ಉದುರುವ ಗೋಡೆ

ಆರ್ಮೇನಿಯಾದ ರಾಜಧಾನಿ ಯೆರೆವಾನಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಇಗರ್ಜಿಯ ಬಾಗಿಲು ತೆರೆದ ಹೈಕಾನುಷ್ ಅಜ್ಜಿ, ದೀಪ ಹಾಕುವ ಮೊದಲೇ ನೆಲ ನೋಡುತ್ತಾರೆ. ಉತ್ತರದ ಗೋಡೆಯ ಬುಡದಲ್ಲಿ ನಾಲ್ಕು ಹರಳು ಬಿದ್ದಿವೆ. "ನಿನ್ನೆ ಎರಡೇ ಇತ್ತು" ಎಂದು ನನಗೆ ಹೇಳುತ್ತಾರೆ. ಪೊರಕೆ ಕೈಯಲ್ಲೇ ಉಳಿಯುತ್ತದೆ.

ಏಳುನೂರು ವರ್ಷದ ಈ ಪುಟ್ಟ ಇಗರ್ಜಿಯ ಸುತ್ತ ಊರು ಎಷ್ಟೋ ಸಲ ಮಗ್ಗುಲು ಬದಲಿಸಿದೆ. ಮೂರು ಕಡೆ ಅಪಾರ್ಟ್‌ಮೆಂಟುಗಳು ಎದ್ದಿವೆ. ನಾಲ್ಕನೆಯ ಕಡೆ ಈಗ ಬಹುಮಹಡಿ ಕಟ್ಟಡಕ್ಕೆ ಪಾಯ ತೋಡುತ್ತಿದ್ದಾರೆ. ಆ ಗುಂಡಿಯ ಮಗ್ಗುಲಿಗಿರುವ ಈ ಉತ್ತರದ ಗೋಡೆಯಲ್ಲೇ ಶಿಲುಬೆ ಕೆತ್ತಿದ ಕೆಂಗಲ್ಲಿದೆ. ಸುತ್ತ ದಾಳಿಂಬೆ, ಬಳ್ಳಿ. ಕೆಳಗೆ ಮಂಡಿಯೂರಿದ ಗಂಡಹೆಂಡತಿ. ಮುತ್ತಿಟ್ಟು ಮುತ್ತಿಟ್ಟು ಜನ ಆ ಹೆಂಡತಿಯ ಮೂಗನ್ನೇ ಸವೆಸಿದ್ದಾರೆ. ಅದರ ಪಕ್ಕದಲ್ಲೇ ಬಿರುಕು.

ತಾವು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಹೈಕಾನುಷ್ ಇಲ್ಲಿಗೆ ಬಂದರು. ಮೇಣದಬತ್ತಿ ಮಾರುವುದು, ಗುಡಿಸುವುದು, ಕಲ್ಲಿಗಂಟಿದ ಮೇಣ ಕೆರೆಯುವುದು ಅವರ ಕೆಲಸ. ಭಾನುವಾರವಾದರೆ ಎರಡು ಬಕೆಟ್ ಮೇಣ. ಸಂಬಳ ಚಳಿಗಾಲದಲ್ಲಿ ಮನೆ ಕಾಯಿಸುವ ಗ್ಯಾಸಿಗೂ ಸಾಲದು.

ಹರಕೆ ಹೊತ್ತವರು ಇಲ್ಲಿ ಗೋಡೆಗೆ ಹರಳು ಒತ್ತುತ್ತಾರೆ. ನಿಂತರೆ ಹರಕೆ ಕೈಗೂಡಿತು, ಬಿದ್ದರೆ ಇಲ್ಲ. ನಮ್ಮ ಜನ ಜಾಣರು, ನೇರ ಬಿರುಕಿಗೇ ಸಿಕ್ಕಿಸುತ್ತಾರೆ. ಬೇಸಿಗೆಯಲ್ಲಿ ಪಾಯದ ಕೆಲಸ ಶುರುವಾದ ಮೇಲೆ ಅವು ಉದುರತೊಡಗಿದವು. ಯಾರೂ ಎದೆಗುಂದಬಾರದೆಂದು ಹೈಕಾನುಷ್ ನಸುಕಿನಲ್ಲೇ ಬಂದು ಒಂದೊಂದನ್ನೂ ಮೇಣ ಹಚ್ಚಿ ಮತ್ತೆ ಅಂಟಿಸುತ್ತಿದ್ದರು. ಪರೀಕ್ಷೆಗೆ ಬಂದ ಎಂಜಿನಿಯರ್ ವಾಹಾನ್, ಹರಳೆಲ್ಲ ಭದ್ರವಾಗಿರುವುದನ್ನು ಕಂಡು, ಗೋಡೆ ಅಲುಗಿಲ್ಲವೆಂದು ಬರೆದುಕೊಟ್ಟು ಹೋದ.

ಅದು ಕಿವಿಗೆ ಬಿದ್ದಾಗ ಹೈಕಾನುಷ್‌ಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಓಡಿಹೋಗಿ ಅವನನ್ನು ಕರೆತಂದರು. ಮೇಣ ಕೆರೆದು ನೋಡಿದರೆ ಬಿರುಕಿನೊಳಗೆ ಬೆರಳು ಹೋಗುತ್ತಿತ್ತು. "ಒಳ್ಳೇದು ಮಾಡಕ್ಕೋಗಿ ಗೋಡೆ ಬಾಯಿ ನಾನೇ ಮುಚ್ಚಿಸ್ಬಿಟ್ಟೆ" ಎಂದು ಇಂದಿಗೂ ಹಲುಬುತ್ತಾರೆ. ಅಗೆತ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಶುಕ್ರವಾರ ಬರುತ್ತದೆ. ಅಲ್ಲಿಯವರೆಗೆ ಬಿದ್ದ ಹರಳನ್ನು ಯಾರೂ ಮುಟ್ಟಕೂಡದು, ಗೋಡೆ ಸರಿದಿದ್ದಕ್ಕೆ ಅವೇ ಸಾಕ್ಷಿ ಎಂದು ವಾಹಾನ್ ಹೇಳಿದ್ದಾನೆ.

ಹೊರಗೆ ಯಂತ್ರ ಗುಡುಗಲು ಶುರುವಾಗುವ ಹೊತ್ತಿಗೆ ನೆರೆಮನೆಯ ಅರ್ಪೆನಿಕ್ ಬರುತ್ತಾರೆ. ಅವರ ಮಗ ಗಡಿಯಲ್ಲಿ ಸೈನಿಕ. ನೆಲದ ಮೇಲಿನ ಬಿಳಿ ಹರಳು ತಮ್ಮದೆಂದು ಗೊತ್ತಾಗಿ ಅವರ ಮುಖ ಬಿಳಿಚಿಕೊಳ್ಳುತ್ತದೆ.

"ಎತ್ತಿಡೋಕೆ ನಿಂಗೇನಾಗಿತ್ತೇ? ಕೈ ಬಿದ್ದೋಗಿತ್ತಾ?"

"ದೇವರು ಒಲ್ಲೆ ಅಂದಿಲ್ಲ ಅರ್ಪೆನಿಕ್ ಜಾನ್, ನನ್ ಜೀವವೇ, ಗೋಡೆ ಸರಿದಿದೆ ಅಷ್ಟೆ. ಶುಕ್ರವಾರದ ತನಕ ಅಲ್ಲೇ ಇರ್ಲಿ ಬಿಡು. ನಿನ್ ಮಗನ ಹೆಸರಲ್ಲಿ ದಿನಾ ನಾನೇ ಬತ್ತಿ ಹಚ್ತೀನಿ."

ಅರ್ಪೆನಿಕ್ ದೇವರಿಗೆ ಬೆನ್ನು ತೋರಿಸದೆ, ಎಲ್ಲರಂತೆ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಹೊರಗೆ ಹೋಗುತ್ತಾರೆ. ಹರಳು ಬಿದ್ದಲ್ಲೇ ಇದೆ.

ನೀವೇನೂ ಹರಕೆ ಹೊತ್ತಿಲ್ಲವೇ ಎಂದು ಕೇಳಿದೆ. ಹೈಕಾನುಷ್ ಕಲ್ಲಿನ ಹೆಂಡತಿಯ ಸವೆದ ಮೂಗಿನ ಮೇಲಿನ ದೂಳನ್ನು ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸುತ್ತಾರೆ.

"ಈ ಗೋಡೆ ಉಳೀಲಿ ಅಂತ ಹೊರಬೇಕು. ಆದ್ರೆ ಹರಳು ಎಲ್ಲಿಗೆ ಒತ್ತಲಿ, ಹೇಳಿ?"