ತಮ್ಮನ ಮಾತ್ರೆ ಕಟ್ಟಿದ ಕೈ

ಪೆಟ್ಟಿಗೆ ಕಟ್ಟುವುದರಲ್ಲಿ ನಮ್ಮ ಬಳಗದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಯಾರ ಮನೆಯ ಮಕ್ಕಳು ಪರದೇಶಕ್ಕೆ ಹೊರಟರೂ ಕೊನೆಯ ಎರಡು ದಿನ ನನಗೆ ಬುಲಾವು ಬರುತ್ತಿತ್ತು. ಬಟ್ಟೆಯನ್ನು ಯಾರು ಬೇಕಾದರೂ ಮಡಿಸಿಡಬಹುದು. ಕೈಚಳಕ ಬೇಕಾಗುವುದು ಸ್ನಾನದ ಸಾಮಾನಿಗೆ ಮತ್ತು ಔಷಧಿಗೆ. ಶಾಂಪೂ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಚೂರು ಹಾಕಿ ಅದರ ಮೇಲೆ ಮುಚ್ಚಳ ತಿರುಗಿಸಬೇಕು. ಕೊಬ್ಬರಿ ಎಣ್ಣೆಗೆ ಎರಡು ಕವರು ಬೇಕು, ಮಧ್ಯೆ ಹಳೇ ಬನಿಯನ್ ಚೂರು. ನಾಲಿಗೆ ಹೆರೆಯುವ ಪಟ್ಟಿ, ಓಮದ ಪುಡಿ, ನೋವಿನ ಮುಲಾಮು, ಗೋಪಿಚಂದನದ ತುಂಡು, ಭೇದಿಗೆ ಒಂದು ಮಾತ್ರೆ, ಭೇದಿಯಾಗದಿದ್ದರೆ ಇನ್ನೊಂದು. ಪೆಟ್ಟಿಗೆಗಳು ಇಡೀ ದುನಿಯಾ ಸುತ್ತಿ ಹೋದರೂ ನಾನು ಕಟ್ಟಿದ್ದರಲ್ಲಿ ಒಂದು ತೊಟ್ಟು ಎಣ್ಣೆ ಸೋರಿದ್ದಿಲ್ಲ. ನನಗೆ ಅದರ ಜಂಭ ಬಹಳ ಇತ್ತು.

ಈ ಮಾತು ಬರೆಯುವುದಕ್ಕೆ ಕಾರಣ ನನ್ನ ತಮ್ಮ. ಅವನಿಗೆ ಆಗ ನಲವತ್ತೊಂದು ವರ್ಷ. ಮಣಲಿಯ ಒಂದು ಕಾರ್ಖಾನೆಯಲ್ಲಿ ಮೀಟರು, ವಾಲ್ವು ರಿಪೇರಿ ಮಾಡುವ ಟೆಕ್ನಿಷಿಯನ್ ಆಗಿದ್ದ. ಮದುವೆಯಾಗಲಿಲ್ಲ. ನನ್ನ ಗಂಡ ಹೋದ ಮೇಲೆ ನನ್ನನ್ನೂ ನನ್ನ ಮಗಳನ್ನೂ ಮೈಲಾಪೂರಿನ ತನ್ನ ಫ್ಲಾಟಿಗೆ ಕರೆದುಕೊಂಡು ಬಂದವನು ಅವನು. ಮಗಳನ್ನು ಓದಿಸಿದವನೂ ಅವನೇ. ಅವಳು ಅವನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು, ಅವನು ಅದಕ್ಕೆ ಮತ್ತೆ ಕನ್ನಡದಲ್ಲಿ ರೇಗಿಸುವುದು, ನಮ್ಮ ಮನೆಯ ಸಂಜೆ ಎಂದರೆ ಇಷ್ಟೇ.

ಅವನಿಗೆ ಇಪ್ಪತ್ತಾರನೇ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆ ಬಂದಿತ್ತು. ವಾರಗಟ್ಟಲೆ ನಿದ್ದೆ ಇರಲಿಲ್ಲ, ಬಾಯಿ ನಿಲ್ಲುತ್ತಿರಲಿಲ್ಲ. ಅಮ್ಮನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಬೀದಿಯಲ್ಲಿ ಹೋಗುವವರಿಗೆ ಕರೆಕರೆದು ಕೊಟ್ಟುಬಿಟ್ಟಿದ್ದ. ಆಮೇಲೆ ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕೊನೆಗೆ ಒಬ್ಬ ಡಾಕ್ಟರ ಮಾತ್ರೆ ಹಿಡಿಯಿತು. ಬೆಳಿಗ್ಗೆ ಒಂದು ಬಗೆ, ರಾತ್ರಿ ಇನ್ನೊಂದು. ಅಲ್ಲಿಂದ ಹದಿಮೂರು ವರ್ಷ ಒಂದು ಹೊತ್ತೂ ತಪ್ಪಿಸಿದವನಲ್ಲ. ನೆಂಟರ ಮನೆಯಲ್ಲಿ ಎಲೆ ಹಾಕಿ ಕೂತಿದ್ದರೂ ಜೇಬಿನಿಂದ ತೆಗೆದು ಎಲ್ಲರೆದುರೇ ನುಂಗುತ್ತಿದ್ದ. ನಾನು ಕಣ್ಣು ಬಿಟ್ಟರೆ, ‘ಏನಕ್ಕಾ, ಚುಮ್ಮಾ ಯಾಕೆ ಮುಖ ಸಿಂಡರಿಸ್ತೀ, ಮಾತ್ರೆ ತಾನೇ, ಬೀಡಿ ಅಲ್ವಲ್ಲ’ ಎನ್ನುತ್ತಿದ್ದ.

ಅವನಿಗೆ ಗಲ್ಫಿನಲ್ಲಿ ಮೂರು ವರ್ಷದ ಕೆಲಸ ಸಿಕ್ಕಿತು. ಕಂಪನಿಯ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದ. ಅವರು ಒಪ್ಪಿ, ಮೂರು ತಿಂಗಳ ಮಾತ್ರೆ ತರಬೇಕು, ಸ್ಟ್ರಿಪ್ಪಿನಲ್ಲೇ ಇರಬೇಕು, ಜೊತೆಗೆ ಡಾಕ್ಟರ ಲೆಟರ್ ಇರಬೇಕು ಎಂದು ಹೇಳಿದ್ದರು. ಅವನು ಎಲ್ಲವನ್ನೂ ಜೋಡಿಸಿ ಒಂದು ನೀಲಿ ಫೈಲಿಗೆ ಹಾಕಿಕೊಂಡ. ‘ಅಕ್ಕಾ, ಶಾಂಪೂ, ಸೋಪು ನೀನು ನೋಡ್ಕೋ. ಮಾತ್ರೆ ನನ್ನ ಡಿಪಾರ್ಟ್‌ಮೆಂಟು, ಅದಕ್ಕೆ ಕೈ ಹಾಕ್ಬೇಡ’ ಎಂದು ಸ್ಪಷ್ಟವಾಗಿ ಹೇಳಿದ.

ಅದೇ ಹೊತ್ತಿಗೆ ನನ್ನ ಮಗಳಿಗೆ ಗಂಡು ಕೂಡಿಬಂದಿತ್ತು. ನಮ್ಮವರೇ, ಮೈಲಾಪೂರಿನವರೇ, ಮಠಕ್ಕೆ ನಡೆದುಕೊಳ್ಳುವ ಮನೆತನ. ಮಾತುಕತೆ ಮುಗಿದು ನಿಶ್ಚಿತಾರ್ಥಕ್ಕೆ ದಿನ ಇಟ್ಟಾಗಿತ್ತು. ತಮ್ಮನ ಕಾಯಿಲೆಯ ವಿಷಯ ನಾನು ಅವರಿಗೆ ಬಾಯಿ ಬಿಟ್ಟಿರಲಿಲ್ಲ. ಹೇಳೋಣ ಅಂತ ತಮ್ಮ ಎರಡು ಸಲ ಅಂದ, ನಾನು ಬಿಡಲಿಲ್ಲ. ಆಗ ಇನ್ನೊಂದು ಸಂಗತಿ ಗೊತ್ತಾಯಿತು: ಹುಡುಗನ ದೊಡ್ಡಮ್ಮನ ಮಗ ಅದೇ ಗಲ್ಫ್ ಕಂಪನಿಯಲ್ಲಿದ್ದಾನೆ, ನನ್ನ ತಮ್ಮನಿಗೆ ಕೊಟ್ಟಿರುವ ಕೋಣೆಯಲ್ಲೇ ಇದ್ದಾನೆ. ಬೀಗರ ಕಡೆಯವರೆಲ್ಲ, ‘ನೋಡಿ, ಎಂಥ ಋಣಾನುಬಂಧ’ ಎಂದು ಸಂತೋಷಪಟ್ಟರು. ನನಗೆ ಮಾತ್ರ ಬೇರೆ ಚಿಂತೆ. ಆ ಕೋಣೆಯವನು ಒಂದು ದಿನ ಸ್ಟ್ರಿಪ್ಪಿನ ಮೇಲಿನ ಹೆಸರನ್ನು ಫೋನಿನಲ್ಲಿ ನೋಡಿದರೆ ಸಾಕು, ಸುದ್ದಿ ಮೈಲಾಪೂರಿಗೆ ವಿಮಾನಕ್ಕಿಂತ ಬೇಗ ಬರುತ್ತದೆ. ಸೋದರಮಾವನಿಗೆ ಹುಚ್ಚು ಅಂದ ಮೇಲೆ ಸೊಸೆಯನ್ನು ಯಾರು ತರುತ್ತಾರೆ?

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಪೆರಂಬೂರಿನಲ್ಲಿದ್ದ ಸ್ನೇಹಿತನ ಮನೆಗೆ ಊಟಕ್ಕೆ ಹೋದ. ಮಗಳು ಆಫೀಸಿನಲ್ಲಿದ್ದಳು. ನಾನು ನೀಲಿ ಫೈಲು ತೆಗೆದು ಊಟದ ಮೇಜಿನ ಮೇಲೆ ಸುರಿದುಕೊಂಡು ಕೂತೆ. ಒಂದೊಂದೇ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಒತ್ತಿ ತೆಗೆದೆ. ಹೆಬ್ಬೆರಳು ಕೆಂಪಾಗಿ ಉರಿಯತೊಡಗಿತು. ಎರಡು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಬಿಳಿ ಕಾಗದ ಅಂಟಿಸಿ, ಒಂದರ ಮೇಲೆ ‘ಗ್ಯಾಸಿಗೆ’ ಎಂದೂ ಇನ್ನೊಂದರ ಮೇಲೆ ‘ಶಕ್ತಿಗೆ’ ಎಂದೂ ಕನ್ನಡದಲ್ಲಿ ದಪ್ಪಗೆ ಬರೆದೆ. ಇಷ್ಟು ವರ್ಷ ಎಲ್ಲರ ಡಬ್ಬಿಗಳ ಮೇಲೂ ಕನ್ನಡದಲ್ಲೇ ಬರೆದವಳು ನಾನು, ಅದು ಅಭ್ಯಾಸ. ಓಮದ ಪುಡಿ, ಮುಲಾಮು ಇದ್ದ ಚೀಲದಲ್ಲೇ ಅವನ್ನೂ ಸೇರಿಸಿ ದೊಡ್ಡ ಪೆಟ್ಟಿಗೆಯ ತಳಕ್ಕೆ ಇಟ್ಟೆ.

ಡಾಕ್ಟರ ಲೆಟರನ್ನೂ ಚೀಟಿಯನ್ನೂ ಏನು ಮಾಡುವುದು ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಹರಿದು ಚೂರು ಮಾಡಿ ಬಾಳೆಕಾಯಿ ಸಿಪ್ಪೆಯ ಜೊತೆ ಕಸಕ್ಕೆ ಹಾಕಿದೆ. ಫೈಲು ತೆಳ್ಳಗೆ ಕಾಣಬಾರದೆಂದು ಹಳೇ ಕರೆಂಟ್ ಬಿಲ್ಲುಗಳನ್ನು ಮಡಿಸಿ ತುರುಕಿದೆ. ಕಳ್ಳತನ ಮಾಡುವವರಿಗೂ ಇಷ್ಟು ಅಚ್ಚುಕಟ್ಟು ಇರುವುದಿಲ್ಲ.

ಏರ್‌ಪೋರ್ಟಿನ ಬಾಗಿಲ ಹತ್ತಿರ, ಅವನು ಒಳಗೆ ಹೋಗುವ ಹೊತ್ತಿಗೆ ಹೇಳಿದೆ: ‘ಮಾತ್ರೆ ಡಬ್ಬಿಗೆ ಹಾಕಿದ್ದೀನಿ ಕಣೋ, ದೊಡ್ಡ ಪೆಟ್ಟಿಗೇಲಿದೆ. ಗ್ಯಾಸಿಗೆ ಅಂತಿರೋದು ಬೆಳಿಗ್ಗೆಗೆ, ಶಕ್ತಿಗೆ ಅಂತಿರೋದು ರಾತ್ರಿಗೆ.’

ಅವನು ನನ್ನನ್ನೇ ನೋಡಿದ. ‘ಯಾಕಕ್ಕಾ?’

‘ಭಾರ ಕಮ್ಮಿ ಆಗತ್ತೆ ಅಂತ.’

‘ಲೆಟರ್?’

‘ಫೈಲಿನಲ್ಲೇ ಇದೆ.’

ಹಿಂದೆ ನಿಂತಿದ್ದವರು ತಳ್ಳುಗಾಡಿ ನೂಕಿದರು. ಅವನು ತಲೆ ಆಡಿಸಿ ಒಳಗೆ ಹೋದ.

ಅಲ್ಲಿ ಇಳಿದ ಮೇಲೆ ಅವನ ಪೆಟ್ಟಿಗೆಯನ್ನು ಬಿಚ್ಚಿಸಿದರು. ಕಸ್ಟಮ್ಸಿನವನು ಗೋಪಿಚಂದನದ ತುಂಡನ್ನು ಮೂಸಿ ನೋಡಿ ವಾಪಸು ಕೊಟ್ಟನಂತೆ. ಆಮೇಲೆ ಡಬ್ಬಿ ಎತ್ತಿ, ಇದರ ಮೇಲೆ ಏನು ಬರೆದಿದೆ ಎಂದು ಕೇಳಿದ. ನನ್ನ ತಮ್ಮ ಸುಳ್ಳು ಹೇಳುವ ಜಾತಿಯಲ್ಲ. ಇದ್ದದ್ದನ್ನೇ ಓದಿ ಹೇಳಿದ. ಹಾಗಾದರೆ ಇದು ಗ್ಯಾಸಿನ ಮಾತ್ರೆಯೋ ಎಂದು ಕೇಳಿದರೆ, ಅಲ್ಲ, ಮನಸ್ಸಿನ ಕಾಯಿಲೆಯದು ಎಂದ. ಲೆಟರ್ ತೋರಿಸು ಎಂದಾಗ ನೀಲಿ ಫೈಲು ತೆರೆದ. ನಾಲ್ಕು ಗಂಟೆ ಒಂದು ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಕೊನೆಗೆ ಕಂಪನಿಯವರು ಬಂದು ಮಾತಾಡಿ ಬಿಡಿಸಿಕೊಂಡು ಹೋದರು. ಡಬ್ಬಿಗಳು ಅಲ್ಲೇ ಉಳಿದವು.

ಮಾರನೆಯ ದಿನ ಫೋನ್ ಮಾಡಿದ. ಬೈಯುತ್ತಾನೆ ಎಂದು ನಾನು ಕಾದಿದ್ದೆ. ಬೈಯಲಿಲ್ಲ. ‘ಅಕ್ಕಾ, ಫೈಲಿನಲ್ಲಿ ಲೆಟರ್ ಇಲ್ಲ, ಕರೆಂಟ್ ಬಿಲ್ಲಿದೆ’ ಎಂದು ಸಣ್ಣಗೆ ನಕ್ಕ. ‘ಹೋಗ್ಲಿ ಬಿಡು. ಇಲ್ಲಿ ಕ್ಲಿನಿಕ್‌ನಲ್ಲಿ ಅದೇ ಮಾತ್ರೆ ಸಿಗತ್ತಂತೆ, ಲೆಟರ್ ಮಾತ್ರ ಬೇಕಂತೆ. ಡಾಕ್ಟರಿಗೆ ಫೋನ್ ಮಾಡ್ದೆ, ಮನೆಯವರು ಬಂದು ತಗೊಂಡು ಹೋಗ್ಲಿ ಅಂದ್ರು. ಇವತ್ತೇ ಹೋಗಿ ಇಸ್ಕೊಂಡು ಫೋಟೋ ಕಳಿಸು. ಅರ್ಜೆಂಟ್ ಅಕ್ಕಾ.’

ಆ ಡಾಕ್ಟರ ಕ್ಲಿನಿಕ್ ನಮ್ಮ ಮನೆಯಿಂದ ಆಟೋದಲ್ಲಿ ಐದು ನಿಮಿಷ. ಹೊರಗೆ ಆಳೆತ್ತರದ ಬೋರ್ಡು, ಎಂಥ ಡಾಕ್ಟರು ಎನ್ನುವುದು ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ. ಕಾಯುವ ಬೆಂಚು ವರಾಂಡದಲ್ಲಿದೆ. ಎದುರು ಫ್ಲಾಟಿನ ಎರಡನೇ ಮಹಡಿಯಲ್ಲಿ ನನ್ನ ಮಗಳನ್ನು ಕೊಡಬೇಕಾಗಿದ್ದ ಮನೆ. ನಿಶ್ಚಿತಾರ್ಥಕ್ಕೆ ಇನ್ನು ಹದಿನೈದು ದಿನ.

‘ಡಾಕ್ಟರು ಊರಿಗೆ ಹೋಗಿದ್ದಾರಂತೆ ಕಣೋ, ಬಂದ ಕೂಡಲೇ ಹೋಗ್ತೀನಿ’ ಎಂದು ಸಂಜೆ ಸುಳ್ಳು ಹೇಳಿದೆ.

ಹದಿನೈದು ದಿನ ತಾನೇ, ಹದಿಮೂರು ವರ್ಷದ ಮಾತ್ರೆ ಮೈಯಲ್ಲಿ ಇನ್ನೂ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಔಷಧಿ ಕಟ್ಟುವವಳು ನಾನೇ, ವೈದ್ಯಳೂ ನಾನೇ ಆಗಿಬಿಟ್ಟೆ. ಮೊದಲ ವಾರ ಅವನು ದಿನಕ್ಕೊಂದು ಸಲ ಕೇಳುತ್ತಿದ್ದ. ‘ಬಂದ್ರಾ ಅಕ್ಕಾ?’ ‘ಇನ್ನೂ ಇಲ್ಲ ಕಣೋ.’ ಎರಡನೆಯ ವಾರ ಕೇಳುವುದನ್ನು ಬಿಟ್ಟ. ಬದಲಿಗೆ ಬಹಳ ಖುಷಿಯಾಗಿ ಮಾತಾಡತೊಡಗಿದ. ಕೆಲಸ ಬೆಣ್ಣೆಯಂತೆ ನಡೆಯುತ್ತಿದೆ, ನಿದ್ದೆ ಎರಡು ಗಂಟೆ ಸಾಕಾಗುತ್ತಿದೆ, ಮಗಳ ಮದುವೆಯನ್ನು ಮೂರು ಸಾವಿರ ಜನಕ್ಕೆ ಮಾಡೋಣ. ಒಂದು ಮಾತು ಮುಗಿಯುವ ಮುಂಚೆ ಇನ್ನೊಂದು ಮಾತು. ಆ ವೇಗ ನನಗೆ ಗೊತ್ತಿತ್ತು. ಅಮ್ಮನ ಪಾತ್ರೆಗಳು ಬೀದಿಗೆ ಹೋದ ವಾರ ಅದನ್ನು ಕೇಳಿದ್ದೆ. ಗೊತ್ತಾಗಲಿಲ್ಲ ಎಂದು ನಾನು ಎಲ್ಲೂ ಹೇಳುವ ಹಾಗಿಲ್ಲ, ಗೊತ್ತಾಗಿತ್ತು. ಇನ್ನು ಐದು ದಿನ ಇದನ್ನು ತಡೆಯಪ್ಪಾ, ಇನ್ನು ನಾಲ್ಕು ದಿನ ತಡೆಯಪ್ಪಾ, ಎಂದು ದೇವರ ಮುಂದೆ ಕೂತು ಬೇಡಿಕೊಂಡೆ.

ನಿಶ್ಚಿತಾರ್ಥದ ದಿನ ಬೆಳಗಿನಿಂದ ಅವನ ಕರೆ ಬರುತ್ತಲೇ ಇತ್ತು. ತಟ್ಟೆ ಬದಲಾಯಿಸುವ ಹೊತ್ತಿಗೆ ಫೋನಿನ ಸದ್ದು ನಿಲ್ಲಿಸಿ ಚೀಲದೊಳಗೆ ಹಾಕಿದೆ. ಮಗಳು ನನ್ನ ಕಿವಿಯಲ್ಲಿ, ‘ಮಾಮಾ ಕೂಪ್ಪಿಡ್ರಾರಮ್ಮಾ, ಎಡುಮ್ಮಾ’ ಎಂದಳು, ಮಾವ ಕರೀತಿದಾರೆ, ಫೋನ್ ತಗೋ ಅಂತ. ಆಮೇಲೆ ಮಾತಾಡಿದರಾಯಿತು ಎಂದೆ.

ಮಾರನೆಯ ಬೆಳಿಗ್ಗೆ ಕ್ಲಿನಿಕ್‌ಗೆ ಹೋದೆ. ಲೆಟರ್ ಹತ್ತು ನಿಮಿಷದಲ್ಲಿ ಸಿಕ್ಕಿತು. ಫೋಟೋ ತೆಗೆದು ಕಳಿಸಿದೆ. ಅವನು ನೋಡಲಿಲ್ಲ. ಆ ಹೊತ್ತಿಗೆ ಅವನು ಕಾರ್ಖಾನೆಯ ಒಂದು ಟ್ಯಾಂಕಿನ ಮೇಲೆ ಹತ್ತಿ, ಸೇಫ್ಟಿ ಬೆಲ್ಟು ಬಿಚ್ಚಿ ಎಸೆದು, ಕೆಳಗಿದ್ದವರಿಗೆಲ್ಲ ಇವತ್ತು ರಜಾ ಎಂದು ಕೂಗುತ್ತಿದ್ದನಂತೆ. ಇಳಿಸಲು ಹೋದವರಿಂದ ಕೊಸರಿಕೊಂಡು ಬಿದ್ದ. ಬಲಗೈ ಎರಡು ಕಡೆ ಮುರಿಯಿತು.

ಒಂದು ತಿಂಗಳು ಅಲ್ಲಿನ ಆಸ್ಪತ್ರೆಯಲ್ಲಿಟ್ಟುಕೊಂಡು ಆಮೇಲೆ ಕಳಿಸಿಕೊಟ್ಟರು. ವಿಮಾನದಲ್ಲಿ ಜೊತೆಗೆ ಬಂದವನು ಅವನ ಕೋಣೆಯವನು, ಬೀಗರ ಕಡೆಯ ಆ ಹುಡುಗನೇ. ತಮ್ಮನನ್ನು ಮಂಚದ ಮೇಲೆ ಮಲಗಿಸಿ, ನಾನು ಕೊಟ್ಟ ಕಾಫಿ ಕುಡಿಯುತ್ತಾ ಅವನು ಮೆಲ್ಲಗೆ ಹೇಳಿದ: ‘ಮೊದಲನೇ ದಿನವೇ ನನಗೆ ಎಲ್ಲಾ ಹೇಳಿದ್ರು ಮಾಮಿ. ನಮ್ಮ ಅಪ್ಪನೂ ಅದೇ ಮಾತ್ರೆ ತಗೋತಾರೆ, ಇಪ್ಪತ್ತು ವರ್ಷದಿಂದ. ನಾನೇ ಕ್ಲಿನಿಕ್‌ಗೆ ಕರ್ಕೊಂಡು ಹೋಗಿದ್ದೆ, ಲೆಟರ್ ಇಲ್ದೆ ಕೊಡಲ್ಲ ಅಂದ್ರು. ದಿನಾ ನಿಮ್ಮ ಮೆಸೇಜ್ ಬಂತಾ ಅಂತ ನೋಡೋರು, ಪಾಪ.’

‘ನಿಮ್ಮ ಚಿಕ್ಕಮ್ಮನಿಗೆ ಹೇಳಿದ್ದೆಯಾ?’ ಎಂದೆ. ಆಗಲೂ ನನ್ನ ಬಾಯಿಗೆ ಬಂದದ್ದು ಆ ಪ್ರಶ್ನೆ. ಅವನ ಚಿಕ್ಕಮ್ಮ ಎಂದರೆ ನನ್ನ ಮಗಳ ಅತ್ತೆಯಾಗುವವಳು.

‘ಆ ವಾರವೇ ಹೇಳ್ದೆ. ಅದಕ್ಕೇನಂತೆ, ನಮ್ಮನೇಲಿ ಇಲ್ವಾ, ಅಂದ್ರು.’

ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತದ್ದು ಅವನ ಕೈಗೋ, ನನ್ನ ಮರ್ಯಾದೆಗೋ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಮಗಳ ಮದುವೆ ಚೆನ್ನಾಗಿಯೇ ನಡೆಯಿತು. ಧಾರೆಯ ಹೊತ್ತಿಗೆ ಅವನು ಹಿಂದಿನ ಸಾಲಿನಲ್ಲಿ, ತೊಡೆಯ ಮೇಲೆ ಬಲಗೈ ಇಟ್ಟುಕೊಂಡು ಕೂತಿದ್ದ. ಆ ಬೆರಳುಗಳು ಈಗ ಸ್ಕ್ರೂ ಹಿಡಿಯುವುದಿಲ್ಲ, ಅವನು ಮತ್ತೆ ಮಣಲಿಗೆ ಹೋಗಲಿಲ್ಲ.

ಹಿಂದಿರುಗಿದ ವಾರವೇ ಅವನನ್ನು ಆ ಹಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಗದರಿದರು. ಹದಿಮೂರು ವರ್ಷ ಸರಿಯಾಗಿದ್ದವನು, ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಯಾಕೆ ತೆಗೆದೆ, ಲೆಟರ್ ಏನು ಮಾಡಿದೆ ಎಂದು ತಮಿಳಿನಲ್ಲಿ ಕೇಳಿದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಎತ್ತು ಅಲ್ಲೇ ಸೆರಗು ಹೊದ್ದು ಕೂತಿತ್ತು. ತಮ್ಮ ನನ್ನ ಕಡೆ ನೋಡಲಿಲ್ಲ.

‘ನಾನೇ ತೆಗೆದೆ ಡಾಕ್ಟರ್. ಭಾರ ಆಗತ್ತೆ ಅಂತ. ಲೆಟರ್ ಎಲ್ಲೋ ಕಳೆದುಹಾಕ್ದೆ’ ಎಂದ.

ಇಷ್ಟು ವಯಸ್ಸಾದ ಮೇಲೂ ಬುದ್ಧಿ ಬೇಡವೇ ಎಂದು ಡಾಕ್ಟರು ಹತ್ತು ನಿಮಿಷ ಬೈದರು. ರೋಗಿಯ ಅಜಾಗರೂಕತೆಯಿಂದ ಮಾತ್ರೆ ನಿಂತಿದೆ ಎಂದು ಅವನ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಆ ಸಾಲು ಹೊಡೆದುಹೋಗುತ್ತಿತ್ತು. ಹೇಳಲಿಲ್ಲ. ಹೇಡಿ ನಾನು, ಬೇರೆ ಮಾತಿಲ್ಲ. ಡಾಕ್ಟರು ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು. ಇನ್ನು ಮೇಲೆ ಮಾತ್ರೆ ಇವನ ಕೈಗೆ ಕೊಡಬೇಡಿ, ನೀವೇ ಇಟ್ಟುಕೊಳ್ಳಿ, ನುಂಗಿದನೋ ಇಲ್ಲವೋ ಬಾಯಿ ತೆರೆಸಿ ನೋಡಿ, ಮನೆಯಲ್ಲಿ ಒಬ್ಬರಾದರೂ ಜವಾಬ್ದಾರಿ ಇರುವವರು ಇದ್ದೀರಲ್ಲ, ಅದೇ ಪುಣ್ಯ ಎಂದರು.

ಹಾಗಾಗಿ ಈಗ ದಿನವೂ ಬೆಳಿಗ್ಗೆ ಎಂಟಕ್ಕೆ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಎಡಗೈ ಚಾಚುತ್ತಾನೆ. ನಾನು ಮಾತ್ರೆ ಹಾಕುತ್ತೇನೆ. ನುಂಗಿ, ನೀರು ಕುಡಿದು, ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಾನೆ.

‘ಸರಿಯಾ ಅಕ್ಕಾ?’ ಎಂದು ಕೇಳುತ್ತಾನೆ.

ನಾನು ಬಗ್ಗಿ ನೋಡಿ, ‘ಸರಿ, ಹೋಗು’ ಎನ್ನುತ್ತೇನೆ.