ಇಲಿ ಯಾರ ಮನೆಯದು

ಕಳೆದ ತಿಂಗಳು ಅಡುಗೆಮನೆಯ ಕಟ್ಟೆಯ ಕೆಳಗಿಟ್ಟಿದ್ದ ಹಳೆಯ ಚೀಲ ಎಳೆದಾಗ ಇಲಿ ಉಚ್ಚೆಯ ಘಾಟು ಮೂಗಿಗೆ ಬಡಿಯಿತು. ಅಸಹ್ಯವಾಗಬೇಕಿತ್ತು, ಆಗಿದ್ದು ಸಿಟ್ಟು. ಇಪ್ಪತ್ತು ವರ್ಷಗಳ ಹಿಂದಿನ ಸಿಟ್ಟು, ಇನ್ನೂ ಆರಿಲ್ಲ...

ಆಗ ನಾವು ಚಿಕ್ಕಬಳ್ಳಾಪುರದ ಒಂದು ವಠಾರದಲ್ಲಿದ್ದೆವು. ಮುಂದೆ ಮಾಲೀಕರ ಮನೆ, ಹಿಂದೆ ಸಾಲಾಗಿ ಮೂರು ಬಾಡಿಗೆ ಮನೆ. ನಮ್ಮ ಪಕ್ಕದ ಮನೆಗೆ ಗೌರಿಬಿದನೂರಿನಿಂದ ವರ್ಗವಾಗಿ ಬಂದಿದ್ದವರನ್ನು ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ಒಬ್ಬರೇ ಇದ್ದರು. ಪಿಯುಸಿಯಲ್ಲಿದ್ದ ನನಗೆ ಸಂಜೆ ಹೊತ್ತು ಜೀವಶಾಸ್ತ್ರ ಹೇಳಿಕೊಡುತ್ತಿದ್ದರು.

ಆ ಬೇಸಿಗೆಯಲ್ಲಿ ವಠಾರದ ತುಂಬ ಇಲಿ. ಮಾಲೀಕರ ಹೆಂಡತಿ ಒಂದೊಂದೇ ಮನೆ ನೋಡುತ್ತ ಬಂದವರು ನರ್ಸಮ್ಮನ ಗೋಡೆಯ ಮೇಲೆ ಬುದ್ಧನ ಪಟ ಕಂಡು ನಿಂತರು. ಯಾವ ಜನ ಎಂದು ಕೇಳಿದರು. ನರ್ಸಮ್ಮ ಮುಚ್ಚಿಡದೆ ಹೇಳಿದರು. ಮಾರನೆಯ ದಿನದಿಂದ ವಠಾರದ ಇಲಿಗಳೆಲ್ಲ ನರ್ಸಮ್ಮನ ಮನೆಯಲ್ಲೇ ಹುಟ್ಟತೊಡಗಿದವು!

"ನೀವು ಬೇಯ್ಸೋದು ತಿನ್ನೋದು ಸರಿಯಿಲ್ಲ ಕಣಮ್ಮ, ಅದಕ್ಕೇ ಬರ್ತಾವೆ," ಎಂದರು ಮಾಲೀಕರ ಹೆಂಡತಿ, ನಲ್ಲಿಯ ಹತ್ತಿರ, ಎಲ್ಲರೆದುರು. ಎಲ್ಲರೂ ತಂತಮ್ಮ ಕೊಡ ತುಂಬಿಸಿಕೊಂಡು ಹೋದರು.

ನರ್ಸಮ್ಮ ಜಗಳಕ್ಕೆ ಹೋಗಲಿಲ್ಲ. ನನ್ನನ್ನು ಕರೆದು ಗೋಡೆಬದಿಯ ಹಿಕ್ಕೆ ತೋರಿಸಿದರು.

"ನೋಡಮ್ಮ, ಅಕ್ಕಿಕಾಳಷ್ಟೇ ಇದೆ, ತುದಿ ಚೂಪು. ಹೆಗ್ಗಣದ್ದಾದ್ರೆ ದಪ್ಪ ಇರ್ತಿತ್ತು. ಇದು ಚಿಟ್ಟಿಲಿ. ಕಿರುಬೆರಳಷ್ಟು ಸಂದಿ ಸಾಕು ಇದಕ್ಕೆ. ದೂರದಿಂದ ಬರಲ್ಲ, ಕಾಳಿರೋ ಕಡೆ ಗೂಡು ಮಾಡ್ಕೊಂಡಿರ್ತದೆ."

ಅವರ ಮನೆಯ ಅಕ್ಕಿ ಬೇಳೆಯೆಲ್ಲ ಸ್ಟೀಲ್ ಡಬ್ಬಿಯಲ್ಲಿತ್ತು. ಸಂಜೆ ನಾವಿಬ್ಬರೂ ಹಿತ್ತಿಲ ಗೋಡೆಯುದ್ದಕ್ಕೂ ತೆಳ್ಳಗೆ ಮೈದಾ ಉದುರಿಸಿದೆವು. ಬೆಳಗ್ಗೆ ನೋಡಿದರೆ ಹಿಟ್ಟಿನ ಮೇಲೆ ಸಾಲು ಸಾಲು ಪುಟ್ಟ ಹೆಜ್ಜೆ. ಎಲ್ಲವೂ ಹಿತ್ತಿಲ ಮೂಲೆಯಲ್ಲಿದ್ದ ಮಾಲೀಕರ ಉಗ್ರಾಣದ ಬಾಗಿಲಡಿಯಿಂದಲೇ ಹೊರಟಿದ್ದವು. ಒಳಗೆ ರಾಗಿ, ಕಡಲೆಕಾಯಿ ಮೂಟೆಗಳನ್ನು ಗೋಡೆಗೊತ್ತಿ ಪೇರಿಸಿದ್ದರು.

ನರ್ಸಮ್ಮ ಮಾಲೀಕರನ್ನು ಕರೆದು ತೋರಿಸಿದರು. ಮೂಟೆಗಳನ್ನು ಹಲಗೆಯ ಮೇಲಿಟ್ಟು ಗೋಡೆಯಿಂದ ಸರಿಸಿ, ಬಾಗಿಲಡಿಗೆ ತಗಡು ಹೊಡೆಸಿ, ಗೋಡೆಬದಿಯಲ್ಲಿ ಬೋನು ಇಡಿ, ಮಕ್ಕಳಿರುವ ಮನೆ, ಪಾಷಾಣ ಬೇಡ ಎಂದು ನಿಧಾನವಾಗಿ ಹೇಳಿದರು.

ಮಾಲೀಕರ ಹೆಂಡತಿ ನಕ್ಕರು. "ಹೆಜ್ಜೆ ಇವಳೇ ಬರ್ದಿರ್ತಾಳೆ." ಆಮೇಲೆ ನನ್ನತ್ತ ತಿರುಗಿ, "ಏನಮ್ಮ, ನೀನು ನೋಡಿದ್ಯಾ?" ಎಂದರು.

ಅಮ್ಮ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡವೆಂದಳು. ಶಾಲೆಯಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಹೇಳುವ ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ನಂಗೊತ್ತಿಲ್ಲ ಆಂಟಿ," ಎಂದೆ.

ನರ್ಸಮ್ಮ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು...

ನಾಚಿಕೆಗೆಟ್ಟ ಸಂಗತಿಯೆಂದರೆ, ಅದೇ ವಾರ ಮಾಲೀಕರು ನರ್ಸಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿಸಿದರು. ಇಲಿ ಕಡಿಮೆಯಾಯಿತು. ಅದರ ಬೆನ್ನಿಗೇ ನರ್ಸಮ್ಮನಿಗೆ ಮನೆ ಖಾಲಿ ಮಾಡಲು ಹೇಳಿದರು.

"ಇಲಿ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಯ್ತಲ್ಲ ಸಾರ್, ಇನ್ಯಾಕೆ?" ಎಂದು ಅವರು ಕೇಳಿದ್ದು ನಮ್ಮ ಮನೆಗೂ ಕೇಳಿಸಿತು.

"ಇಲಿ ವಿಷ್ಯ ಅಲ್ಲಮ್ಮ. ಮನೆ ನಮಗೇ ಬೇಕಾಗಿದೆ."

ಎರಡು ವಾರದಲ್ಲಿ ಆ ಮನೆಗೆ ಬೇರೆ ಬಾಡಿಗೆಯವರು ಬಂದರು. ಅವರ ಜಾತಿಯನ್ನು ಮಾಲೀಕರು ಮೊದಲೇ ವಿಚಾರಿಸಿಕೊಂಡಿದ್ದರು. ಅದನ್ನು ಅನ್ಯಾಯ ಎಂದು ಕರೆಯಲು ನಮ್ಮ ಮನೆಯಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ. ನನಗೂ.

ಮೊನ್ನೆ ನರ್ಸಮ್ಮನ ವಿಳಾಸ ಹುಡುಕಿಕೊಂಡು ಗೌರಿಬಿದನೂರಿಗೆ ಹೋದೆ. ಬಾಗಿಲು ತೆಗೆದವರು ಅವರ ತಂಗಿ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು ಎಂದರು. ಒಳಗೆ ಕರೆದು ನೀರು ಕೊಟ್ಟು, "ನೀವು ಅಕ್ಕಂಗೆ ಏನಾಗ್ಬೇಕು?" ಎಂದು ಕೇಳಿದರು.

"ಪಕ್ಕದ ಮನೆಯವಳು," ಎಂದೆ. ಅದಕ್ಕಿಂತ ಹೆಚ್ಚಿನದೇನೂ ನಾನು ನರ್ಸಮ್ಮನಿಗೆ ಆಗಿರಲಿಲ್ಲ.